ಚಲೋ ಇದ್ದು ಅಂದರೆ ಸಾಲದು: ಬರೆಯುವವರು ಸೇರಿ ಕರಡು ಕೂಟ ಕಟ್ಟುವ ಬಗೆ

ನಮ್ಮ ಉತ್ತರ ಕನ್ನಡದ ಕಡೆ ಕಥೆ ಬರೆದು ಯಾರಿಗಾದರೂ ಓದಲು ಕೊಟ್ಟರೆ ಸಿಗುವ ಉತ್ತರ ಒಂದೇ. "ಚಲೋ ಇದ್ದು." ಘಟ್ಟ ಇಳಿದರೆ "ಚಲೋ ಆಗಿದೆ ಮಾರಾಯ." ಹತ್ತು ದಿನ ನಿದ್ದೆಗೆಟ್ಟು ಬರೆದದ್ದಕ್ಕೆ ಇಷ್ಟೇ. ಪೂರ್ತಿ ಓದಿದರೋ, ಮೊದಲ ಪುಟ ನೋಡಿ ಮಡಚಿಟ್ಟರೋ ದೇವರಿಗೇ ಗೊತ್ತು. ಬೈದರೂ ಅಡ್ಡಿಯಿಲ್ಲ ಅನಿಸುತ್ತದೆ. ಆದರೆ ಬೈಯುವವರೂ ಇಲ್ಲ, ಯಾಕೆಂದರೆ ಶಿರಸಿ, ಸಿದ್ದಾಪುರದ ಕಡೆ ನಮ್ಮ ಬರಹ ಓದುವವರೆಲ್ಲ ಸುತ್ತಿ ಬಳಸಿ ನೆಂಟರೇ ಆಗಿರುತ್ತಾರೆ, ನಾಳೆ ಯಾವುದೋ ಉಪನಯನದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಉಣ್ಣಬೇಕು.

ಅದಕ್ಕೇ ಬರೆಯುವವರೇ ನಾಲ್ಕಾರು ಜನ ಸೇರಿ, ಒಬ್ಬರ ಕರಡನ್ನು ಇನ್ನೊಬ್ಬರು ಕಣ್ಣಿಟ್ಟು ಓದಿ ಹೇಳುವ ಕೂಟ ಬೇಕು. ನಾವು ಅದನ್ನು ಕರಡು ಕೂಟ ಅಂತ ಕರೆಯುತ್ತೇವೆ. ನಾನು ಇಂಥದ್ದನ್ನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯದು ನಾಲ್ಕೇ ತಿಂಗಳಲ್ಲಿ ಮುಳುಗಿತು. ಎರಡನೆಯದು ಇನ್ನೂ ತೇಲುತ್ತಿದೆ. ಕೆಳಗೆ ಇರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಳುಗಿದ್ದರಿಂದ ಕಲಿತದ್ದು.

ಮೊದಲು ಜನ ಹುಡುಕಿ

5 ಜನಕ್ಕಿಂತ ಕಮ್ಮಿ ಬೇಡ, 7ಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ಹುಮ್ಮಸ್ಸಿನಲ್ಲಿ 14 ಜನರನ್ನು ಸೇರಿಸಿದ್ದೆವು. ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರು 4 ನಿಮಿಷ ಮಾತಾಡಿದರೂ ಒಂದು ಕಥೆಗೆ ಹತ್ತಿರ ಹತ್ತಿರ ಒಂದು ತಾಸು. ಒಂದು ಸಲ ಕೂತರೆ ಒಂದೇ ಬರಹ. ನಿಮ್ಮ ಸರದಿ ಮತ್ತೆ ಬರಲು 14 ತಿಂಗಳು, ಅಷ್ಟರಲ್ಲಿ ಬರೆಯುವ ಹುಕಿಯೇ ಇಳಿದಿರುತ್ತದೆ. 6 ಜನ ಇದ್ದು ತಿಂಗಳಿಗೆ 2 ಬರಹ ತೆಗೆದುಕೊಂಡರೆ ಮೂರು ತಿಂಗಳಿಗೊಮ್ಮೆ ಸರದಿ ಬರುತ್ತದೆ. ಇದು ಹದ. 4 ಜನರಾದರೆ ಒಬ್ಬರಿಗೆ ಜ್ವರ, ಇನ್ನೊಬ್ಬರ ಮನೆಯಲ್ಲಿ ಶ್ರಾದ್ಧ ಅಂದ ಕೂಡಲೇ ಉಳಿದ ಇಬ್ಬರು ಮುಖ ಮುಖ ನೋಡಿಕೊಳ್ಳಬೇಕು.

ಈಗ ಬರೆಯುತ್ತಿರುವವರನ್ನೇ ಕರೆಯಿರಿ. ಕಾಲೇಜಿನಲ್ಲಿ ಬರೆಯುತ್ತಿದ್ದೆ ಅನ್ನುವವರು ಬೇಡ. ಸುಮ್ನೆ ಕೇಳಲು ಬರ್ತೇನೆ ಅನ್ನುವವರೂ ಬೇಡ. ತನ್ನ ಕರಡು ಮುಂದಿನ ತಿಂಗಳು ಇದೇ ಜನರ ಕೈಗೆ ಹೋಗುತ್ತದೆ ಅಂತ ಗೊತ್ತಿದ್ದವರ ಮಾತಿಗೆ ಬೇರೆಯೇ ಎಚ್ಚರ ಇರುತ್ತದೆ. ಹೆಸರು ಮಾಡಿದ ದೊಡ್ಡ ಲೇಖಕರನ್ನು ಕಾಯಂ ಸದಸ್ಯರಾಗಿ ಕೂರಿಸಬೇಡಿ. ಅವರ ತಪ್ಪು ಏನೂ ಇಲ್ಲ. ಉಳಿದವರೆಲ್ಲ ಅವರ ಬಾಯಿ ನೋಡುತ್ತ ಕೂರುತ್ತಾರೆ, ಅಷ್ಟೇ. ಕವಿತೆ ಬರೆಯುವವರು ಇದ್ದರೆ ಕನಿಷ್ಠ ಇಬ್ಬರಿರಲಿ. ಐದು ಕಥೆಗಾರರ ನಡುವೆ ಒಬ್ಬ ಕವಿ ಸಿಕ್ಕಿಬಿದ್ದರೆ ಪ್ರತಿ ಸಲವೂ "ಆಮೇಲೆ ಏನಾಯ್ತು" ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ ಪಾಪ.

ಆದಷ್ಟು ಬೇರೆ ಬೇರೆ ಊರಿನ, ಬೇರೆ ಬೇರೆ ಕಸುಬಿನ ಜನರಿರಲಿ. ಇದರ ಬೆಲೆ ನನಗೆ ಗೊತ್ತಾದದ್ದು ಒಂದು ಕಥೆಯಿಂದ. ಶಿರಸಿ ಹತ್ತಿರದ ಹಳ್ಳಿಯ ನಮ್ಮ ಸದಸ್ಯರೊಬ್ಬರು ಕಾರವಾರದ ಮೀನುಗಾರರ ಮನೆಯ ಕಥೆ ಬರೆದಿದ್ದರು. ಜೂನ್ ನಡುವಿನ ಜಡಿಮಳೆ. ಗಂಡ ಟ್ರಾಲ್ ಬೋಟಿನಲ್ಲಿ ಹೋದವನು ಕತ್ತಲಾದರೂ ಬಂದಿಲ್ಲ. ಹೆಂಡತಿ ಚಿಮಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಘಟ್ಟದ ಮೇಲಿನ ನಾವೆಲ್ಲ ಕರಗಿ ಹೋದೆವು. ಕಾರವಾರದಿಂದ ಬರುವ ಅಕ್ಕೋರು ಮಾತ್ರ ಮೆತ್ತಗೆ ಕೇಳಿದರು, "ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ನಿಷೇಧ ಅಲ್ವಾ? ಎಲ್ಲಾ ಬೈತಕೋಲ ಬಂದರಿನಲ್ಲಿ ಕಟ್ಟಿ ಹಾಕಿರ್ತಾರೆ. ಇವನು ಯಾವ ಬೋಟಿನಲ್ಲಿ ಹೋದ?" ಯಾರೂ ಮಾತಾಡಲಿಲ್ಲ. ಕಥೆ ಬರೆದವರ ಮುಖ ಸಣ್ಣಗಾಯಿತು. ಎರಡು ತಿಂಗಳ ನಂತರ ಅದೇ ಕಥೆ ತಿರುಗಿ ಬಂತು. ಈಗ ಗಂಡ ಬೋಟಿನ ಕೂಲಿ. ನಿಷೇಧದ ಕಾಲ, ಕೈಯಲ್ಲಿ ಕಾಸಿಲ್ಲ, ಪಕ್ಕದ ಮನೆಯವರ ಸಣ್ಣ ನಾಡದೋಣಿ ಹತ್ತಿ ಯಾರಿಗೂ ಹೇಳದೆ ಹೋಗಿದ್ದಾನೆ. ಈ ಸಲ ಹೆಂಡತಿಯ ಹೆದರಿಕೆಗೆ ಕಾರಣ ಇತ್ತು. ಮುಂದೊಂದು ದಿನ ಸಾಲ ತೀರಿಸುವ ಸರದಿ ಘಟ್ಟದವರಿಗೂ ಬಂತು. ಅಂಕೋಲೆಯ ಹುಡುಗ ತನ್ನ ಕಥೆಯಲ್ಲಿ ಶ್ರಾವಣದಲ್ಲಿ ಅಡಿಕೆಯ ಕೊನೆಕೊಯ್ಲು ಮಾಡಿಸಿದ್ದ. ಆ ತಿಂಗಳು ಕೊನೆಗೌಡ ಮರ ಹತ್ತುವುದು ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು ಮಾರಾಯ, ಕೊನೆ ಇಳಿಸಲು ಅಲ್ಲ ಅಂತ ಮೂರು ಜನ ಒಟ್ಟಿಗೇ ಕೂಗಿದೆವು.

ಜಾಗ, ಹೊತ್ತು

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿ.ಮೀ. ಕಾರವಾರದಿಂದ ಸುಮಾರು 70. ಹಾಗಾಗಿ ನಾವು ಕುಮಟಾದಲ್ಲಿ ಸೇರುತ್ತೇವೆ, ಒಬ್ಬರ ಮನೆಯ ಜಗಲಿಯಲ್ಲಿ. ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆ. ದಿನ ಬದಲಾಗಬಾರದು. "ಎಲ್ಲರಿಗೂ ಅನುಕೂಲ ಆಗುವ ದಿನ ನೋಡೋಣ" ಅಂತ ಶುರು ಮಾಡಿದರೆ ಆ ದಿನ ಬರುವುದೇ ಇಲ್ಲ.

ಒಮ್ಮೆ ಆಸೆಪಟ್ಟು ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಸೇರಿದ್ದೆವು. 1880ರ ದಶಕದಲ್ಲಿ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದಾಗ ರವೀಂದ್ರನಾಥ ಟ್ಯಾಗೋರರು ಬಂದು ಉಳಿದು ಬರೆದ ಊರು, ನಮಗೂ ಏನಾದರೂ ತಾಗೀತು ಅಂತ. ತಾಗಿದ್ದು ಗಾಳಿ ಮಾತ್ರ. ಕಥೆಯ ಮೂರನೇ ಹಾಳೆ ನೀರಿಗೆ ಹೋಯಿತು. ಗೋಡೆ ಇರುವ ಜಾಗವೇ ಸರಿ. ಹೋಟೆಲ್ ಕೂಡ ಬೇಡ, ಗಲಾಟೆ ಜಾಸ್ತಿ, ಒಂದು ತಾಸಾದ ಮೇಲೆ ಮಾಣಿ ನಿಮ್ಮ ಟೇಬಲ್ಲನ್ನೇ ಒರೆಸುತ್ತ ನಿಲ್ಲುತ್ತಾನೆ.

ಮಳೆಗಾಲದ ನಾಲ್ಕು ತಿಂಗಳು ಘಟ್ಟ ಇಳಿಯುವ ಹಟ ಮಾಡಬೇಡಿ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನಿನಲ್ಲೇ ನಡೆಸುತ್ತೇವೆ. ವಿಡಿಯೋ ಬಂದ್ ಮಾಡಿ ಬರೀ ದನಿ ಇಟ್ಟುಕೊಂಡರೆ ಹಳ್ಳಿಯ ನೆಟ್‌ವರ್ಕಿನಲ್ಲೂ ಎಳೆಯುತ್ತದೆ. ಕರೆಂಟು, ಟವರು ಎರಡೂ ಹೋದವರು ತಮ್ಮ ಮಾತನ್ನು ಮೊದಲೇ ವಾಯ್ಸ್ ಮೆಸೇಜ್ ಮಾಡಿ ಒಬ್ಬರಿಗೆ ಕಳಿಸಿರಬೇಕು. ಕೊಯ್ಲಿನ ತಿಂಗಳುಗಳಲ್ಲಿ ತೋಟದವರಿಗೆ ತಲೆ ಕೆರೆಯಲೂ ಪುರುಸೊತ್ತಿಲ್ಲ, ಆಗ ಅವರ ಸರದಿ ಹಾಕಬೇಡಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಶಿರಸಿಯವರನ್ನು ಆ ತಿಂಗಳು ಮರೆತುಬಿಡಿ, ಮನೆ ತುಂಬ ನೆಂಟರು.

ಕರಡು ಕಳಿಸುವುದು

ಕೂರುವ ದಿನಕ್ಕೆ 7 ದಿನ ಮೊದಲು ಕರಡು ಎಲ್ಲರ ಕೈಯಲ್ಲಿರಬೇಕು. ಕಥೆ, ಪ್ರಬಂಧ ಆದರೆ 2000 ಪದದೊಳಗೆ. ಕಾದಂಬರಿ ಬರೆಯುವವರು ಒಂದು ಅಧ್ಯಾಯ ಕಳಿಸಲಿ, ಹಿಂದಿನ ಕಥೆಯನ್ನು ಐದಾರು ಸಾಲಲ್ಲಿ ಹೇಳಲಿ. ಕವಿತೆ ಆದರೆ ಎರಡು. "ತಪ್ಪು ತಿದ್ದಿಲ್ಲ, ಸುಮ್ನೆ ನೋಡಿ" ಅಂತ ಕಳಿಸುವುದು ಬೇಡ. ಕಾಗುಣಿತ ತಿದ್ದುವುದು ನಿಮ್ಮ ಕೆಲಸ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಇನ್ನೊಬ್ಬರ ಫೋನಿನಲ್ಲಿ ತೆರೆದರೆ ಚಿಹ್ನೆಗಳ ರಾಶಿ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸಿದರೆ ಇನ್ನೂ ಒಳ್ಳೇದು. ಜೊತೆಗೆ ಪ್ರತಿ ಸಾಲಿಗೆ ನಂಬರು ಹಾಕಿ. ವರ್ಡ್‌ನಲ್ಲಿ ಲೇಔಟ್ ಒಳಗೆ ಲೈನ್ ನಂಬರ್ಸ್ ಇದೆ, ಲಿಬ್ರೆ ಆಫೀಸ್‌ನಲ್ಲಿ ಟೂಲ್ಸ್ ಒಳಗೆ. ಸಣ್ಣ ವಿಷಯ ಅನಿಸಬಹುದು. ಆದರೆ "ಆ ಅಜ್ಜಿ ಬರುತ್ತಾಳಲ್ಲ, ಅಲ್ಲಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ" ಅಂತ ಹುಡುಕುವುದರಲ್ಲೇ ಕಾಲು ತಾಸು ಕಳೆದವರಿಗೆ ಇದರ ಸುಖ ಗೊತ್ತು.

ಓದುವವರು ಎರಡು ಸಲ ಓದಿ. ಮೊದಲ ಸಲ ಕೈಯಲ್ಲಿ ಪೆನ್ನು ಬೇಡ. ಪತ್ರಿಕೆಯಲ್ಲಿ ಬಂದದ್ದನ್ನು ಓದುವ ಹಾಗೆ ಓದಿ, ಎಲ್ಲಿ ಬೇಜಾರು ಬಂತು, ಎಲ್ಲಿ ಹಿಂದೆ ತಿರುಗಿ ಓದಬೇಕಾಯಿತು ಅಂತ ನೆನಪಿಡಿ ಸಾಕು. ಎರಡನೇ ಸಲ ಗೀಟು ಹಾಕಿ. ಜೆರಾಕ್ಸ್ ಪ್ರತಿ ಇದ್ದರೆ ಅದರ ಮೇಲೇ ಬರೆದು ಕೊನೆಗೆ ಬರೆದವರ ಕೈಗೆ ಕೊಡಿ.

ಹೇಳುವ ಬಗೆ

ಎಲ್ಲಾ ನಿಂತಿರುವುದು ಇದರ ಮೇಲೆ. ಜಾಗ, ದಿನ, ಫಾಂಟು ಎಲ್ಲ ಸರಿ ಇದ್ದೂ ಇಲ್ಲಿ ತಪ್ಪಿದರೆ ಕೂಟ ಉಳಿಯುವುದಿಲ್ಲ.

ನನ್ನದೇ ಒಂದು ಕರಡಿನ ಸಾಲು ಹೇಳುತ್ತೇನೆ. "ಅಜ್ಜಿ ದುಃಖದಿಂದ ಅಂಗಳದಲ್ಲಿ ಕುಳಿತಿದ್ದಳು. ಅವಳ ಕಣ್ಣುಗಳಲ್ಲಿ ಕಳೆದುಹೋದ ಕಾಲದ ನೆನಪುಗಳು ತೇಲುತ್ತಿದ್ದವು." ಬರೆದಾಗ ಬಹಳ ಖುಷಿಯಾಗಿತ್ತು. ಕೂಟದಲ್ಲಿ ಒಬ್ಬರು ಭಾಷೆ ಚಲೋ ಇದೆ ಅಂದರು. ಇನ್ನೊಬ್ಬರು, "ಸ್ವಲ್ಪ ಭಾವುಕತೆ ಕಮ್ಮಿ ಮಾಡಿ." ಮೂರನೆಯವರು ಹೇಳಿದ್ದು ಇದು: "11ನೇ ಸಾಲಲ್ಲಿ ನನಗೆ ಅಜ್ಜಿ ಕಾಣಲೇ ಇಲ್ಲ. ಆದರೆ 34ನೇ ಸಾಲಲ್ಲಿ ಒಣಗಲು ಹಾಕಿದ ಅಡಿಕೆಯಲ್ಲಿ ಒಂದನ್ನು ತೆಗೆದು, ಉಗುರಿನಿಂದ ಕೆರೆದು, ಮತ್ತೆ ಅಲ್ಲೇ ಇಡುತ್ತಾಳೆ ನೋಡಿ, ಅಲ್ಲಿ ಹೊಟ್ಟೆ ಚುರುಕ್ ಅಂತು." ಮೊದಲಿಬ್ಬರ ಮಾತು ಹಿಡಿದು ನಾನು ಏನು ಮಾಡಲಿ? ಮೂರನೆಯವರ ಮಾತು ಹಿಡಿದು ಮನೆಗೆ ಬಂದವನೇ 11ನೇ ಸಾಲು ಹೊಡೆದು ಹಾಕಿ, ಅಡಿಕೆ ಕೆರೆಯುವಲ್ಲಿಂದ ಕಥೆ ಶುರು ಮಾಡಿದೆ.

ಅವರು ನನ್ನ ಕಥೆಗೆ ತೀರ್ಪು ಕೊಡಲಿಲ್ಲ. ಓದುವಾಗ ತನಗೆ ಏನಾಯಿತು, ಯಾವ ಸಾಲಲ್ಲಿ ಆಯಿತು, ಇಷ್ಟೇ ಹೇಳಿದರು. ನಾವು ಇದನ್ನೇ ನಿಯಮ ಮಾಡಿಕೊಂಡಿದ್ದೇವೆ. ಚಲೋ ಇದೆ ಅನ್ನುವ ಮಾತಿಗೆ ನಿಷೇಧ ಇಲ್ಲ, ಆದರೆ ಹೇಳಿದವರು ಸಾಲಿನ ನಂಬರು ಕೊಡಬೇಕು. ಬೇಜಾರಾಯಿತು ಅಂದರೂ ಅಷ್ಟೇ. ಈ ಒಂದು ನಿಯಮದಿಂದ ಓದದೆ ಬಂದವರೂ ಸಿಕ್ಕಿಬೀಳುತ್ತಾರೆ, ಅದೊಂದು ಲಾಭ.

ಎರಡನೇ ನಿಯಮ, ಇನ್ನೊಬ್ಬರ ಬರಹವನ್ನು ತಿದ್ದಿ ಬರೆಯಬೇಡಿ. ಇದು ನಾನು ಮಾಡಿದ ಪಾಪ. ಮೊದಲ ಕೂಟದಲ್ಲಿ ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳು ಕವಿತೆ ತಂದಿದ್ದಳು. ಕೊನೆಯ ಮೂರು ಸಾಲು ಸಡಿಲವಾಗಿತ್ತು. ನಾನು ಅಲ್ಲೇ ಪೆನ್ನು ತೆಗೆದು ಬೇರೆ ಮೂರು ಸಾಲು ಬರೆದು ಓದಿದೆ. ಎಲ್ಲರೂ ವಾಹ್ ಅಂದರು. ಅವಳೂ ನಕ್ಕು ಥ್ಯಾಂಕ್ಸ್ ಸರ್ ಅಂದಳು. ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಆ ಮೂರು ಸಾಲು ಇವತ್ತಿಗೂ ಚೆನ್ನಾಗಿಯೇ ಇವೆ, ಆದರೆ ಅವು ಅವಳವಲ್ಲ, ಆ ಕವಿತೆಯನ್ನು ಅವಳು ಇನ್ನು ಎಲ್ಲಿಗೂ ಕಳಿಸುವ ಹಾಗೂ ಇಲ್ಲ. ಕೊನೆಯ ಮೂರು ಸಾಲಲ್ಲಿ ನನ್ನ ಕೈ ಬಿಟ್ಟುಹೋಯಿತು ಅಂದಿದ್ದರೆ ಸಾಕಿತ್ತು.

ಮೂರನೆಯದು ಆಡುಮಾತಿನ ವಿಷಯ. ನಮ್ಮ ಜಿಲ್ಲೆಯಲ್ಲಿ ಒಂದೇ ಕಥೆಯೊಳಗೆ ಹವ್ಯಕ ಮಾತು, ಹಾಲಕ್ಕಿ ಮಾತು, ಕೊಂಕಣಿ ಎಲ್ಲ ಬರಬಹುದು. "ಇದು ಬೆಂಗಳೂರಿನವರಿಗೆ ಅರ್ಥ ಆಗಲಿಕ್ಕಿಲ್ಲ" ಅಂತ ಯಾರಾದರೂ ಶುರು ಮಾಡುತ್ತಾರೆ. ಬೆಂಗಳೂರಿನವರ ಚಿಂತೆ ಬಿಡಿ, ನಿಮಗೆ ಅರ್ಥ ಆಯಿತಾ ಹೇಳಿ. ಆಗದಿದ್ದರೆ ಯಾವ ಪದ ಅಂತ ಗುರುತು ಹಾಕಿ. ಆ ಮಾತು ಆಡುವ ಮನೆಯವರು ಕೂಟದಲ್ಲಿದ್ದರೆ, "ನಮ್ಮಲ್ಲಿ ಅತ್ತೆ ಹತ್ರ ಹೀಗೆ ಮಾತಾಡುವುದಿಲ್ಲ" ಅಂತ ಅವರು ಹೇಳುವ ಒಂದು ಮಾತು ಹತ್ತು ನಿಘಂಟಿಗೆ ಸಮ.

ಬರೆದವರ ಬಾಯಿಗೆ ಕವಳ

1956ರಲ್ಲಿ ಅಮೆರಿಕದ ಮಿಲ್ಫೋರ್ಡ್ ಅನ್ನುವ ಊರಿನಲ್ಲಿ ವಿಜ್ಞಾನ ಕಥೆ ಬರೆಯುವವರು ಸೇರಿ ಇಂಥ ಒಂದು ಕೂಟ ಶುರು ಮಾಡಿದರು. ಅವರ ಕ್ರಮ ಸರಳ. ಎಲ್ಲರೂ ಸುತ್ತು ಕೂರುವುದು, ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ಅಷ್ಟೂ ಹೊತ್ತು ಬರೆದವರು ತುಟಿ ಬಿಚ್ಚಬಾರದು. ಆ ಕ್ರಮ ಇವತ್ತಿಗೂ ಅದೇ ಊರಿನ ಹೆಸರಿನಲ್ಲಿ ಬಳಕೆಯಲ್ಲಿದೆ. ಕಾರಣ ಸ್ಪಷ್ಟ. ಪತ್ರಿಕೆಯಲ್ಲಿ ನಿಮ್ಮ ಕಥೆ ಓದುವವರ ಪಕ್ಕ ಕೂತು "ಹಾಗಲ್ಲ, ಅಲ್ಲಿ ನಾನು ಹೇಳಹೊರಟಿದ್ದು" ಅಂತ ವಿವರಿಸಲು ನೀವು ಇರುವುದಿಲ್ಲ.

ನಮ್ಮ ಜನಕ್ಕೆ ಸುಮ್ಮನಿರುವುದು ಕಷ್ಟ. ತಾಳಮದ್ದಳೆ ಕೇಳಿ ಬೆಳೆದವರು ನಾವು. ಎದುರಿನವರು ಒಂದು ಮಾತು ಎಸೆದರೆ ತಿರುಗಿ ಎಸೆಯದೆ ಇರಲು ಆಗುವುದಿಲ್ಲ, ಅರ್ಥಧಾರಿಯ ರಕ್ತ. ಮೊದಲ ಕೂಟದಲ್ಲಿ ಪ್ರತಿ ಭಾನುವಾರವೂ ವಾದ, ಪ್ರತಿವಾದ, ಕೊನೆಗೆ ಗೆದ್ದವರು ಯಾರು ಅನ್ನುವುದೇ ಮುಖ್ಯವಾಗುತ್ತಿತ್ತು. ಎರಡನೇ ಕೂಟದಲ್ಲಿ ಉಪಾಯ ಹೇಳಿಕೊಟ್ಟವರು ಜಗಲಿಯ ಯಜಮಾನರು. ಅವರು ಕಥೆ ಬರೆಯುವವರಲ್ಲ. ಯಾರ ಸರದಿಯೋ ಅವರ ಮುಂದೆ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ತಳ್ಳಿದರು. ಬಾಯಿ ತುಂಬ ಕವಳ ಇದ್ದರೆ ವಾದ ಹೇಗೆ ಮಾಡುತ್ತೀರಿ? ಕವಳ ಹಾಕದವರಿಗೆ ಒಂದು ಲೋಟ ಕಷಾಯ ಮತ್ತು ಒಂದು ನೋಟ್‌ಬುಕ್ಕು. ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು, ಒಪ್ಪದ್ದನ್ನೂ ಸಹ.

ಆದರೆ ಪೂರ್ತಿ ಮೌನವೂ ಕೆಲವೊಮ್ಮೆ ಕೆಡಿಸುತ್ತದೆ. ಒಂದು ಸಣ್ಣ ತಪ್ಪು ತಿಳಿವಳಿಕೆ ಹಿಡಿದು ಆರು ಜನ ಅರ್ಧ ತಾಸು ಎಳೆದಾಡುವುದು ನೋಡಿದ್ದೇನೆ. ಲಿಜ್ ಲರ್ಮನ್ ಅನ್ನುವ ಅಮೆರಿಕದ ನೃತ್ಯ ಕಲಾವಿದೆ 1990ರಲ್ಲಿ ಬೇರೆ ಕ್ರಮ ಮಾಡಿದರು. ಅದರಲ್ಲಿ ನಾಲ್ಕು ಹಂತ. ಮೊದಲು ನೋಡಿದವರು ತಮಗೆ ಏನು ತಟ್ಟಿತು ಅಂತ ಹೇಳುತ್ತಾರೆ. ಆಮೇಲೆ ಕಲಾವಿದರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದರಲ್ಲಿ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಅದರಲ್ಲಿ ತಮ್ಮ ಅಭಿಪ್ರಾಯ ಅಡಗಿರಬಾರದು. "ಇಷ್ಟು ಉದ್ದ ಯಾಕೆ" ಅನ್ನುವುದು ಅಭಿಪ್ರಾಯ. "ಈ ಭಾಗದಲ್ಲಿ ನಿಮಗೆ ಏನು ಮುಟ್ಟಿಸಬೇಕಿತ್ತು" ಅನ್ನುವುದು ಪ್ರಶ್ನೆ. ಕೊನೆಗೆ, ನನಗೊಂದು ಅಭಿಪ್ರಾಯ ಇದೆ, ಹೇಳಲಾ ಅಂತ ಕೇಳಿ, ಹೂಂ ಅಂದರೆ ಮಾತ್ರ ಹೇಳುವುದು.

ನಾವು ಎರಡನ್ನೂ ಕಲಸಿದ್ದೇವೆ. ಕರಡಿನ ಮೇಲೆ ಬರೆದವರು ಎರಡು ಪ್ರಶ್ನೆ ಹಾಕಿರುತ್ತಾರೆ. ಅಪ್ಪ ಸತ್ತದ್ದು ಮೊದಲೇ ಗೊತ್ತಾಯಿತಾ, ಆ ಥರ. ಸುತ್ತಿನಲ್ಲಿ ಮೌನ, ಮುಗಿದ ಮೇಲೆ 10 ನಿಮಿಷ ಅವರ ಮಾತು. ಹೊಸಬರ ಮೊದಲ ಬರಹಕ್ಕೆ ಮಾತ್ರ ಲರ್ಮನ್ ಕ್ರಮ ಪೂರ್ತಿ, ಅದು ಮೆತ್ತಗಿದೆ.

ಗಡಿಯಾರ ಹಿಡಿಯುವವರು

ಪ್ರತಿ ತಿಂಗಳು ಬೇರೆಯವರು. ಒಬ್ಬರಿಗೆ 4 ನಿಮಿಷ, ಮುಗಿದರೆ ಮೇಜು ಕುಟ್ಟುವುದು, ಎಷ್ಟೇ ದೊಡ್ಡವರಾಗಲಿ. ಒಂದು ಬರಹಕ್ಕೆ 40 ನಿಮಿಷ, ನಡುವೆ ಚಾ ಅವಲಕ್ಕಿಗೆ 20, ಮತ್ತೊಂದು ಬರಹಕ್ಕೆ 40. ಚಾ ಜೊತೆಗೆ ಕರಡಿನ ಮಾತು ಬೇಡ, ಅಡಿಕೆ ರೇಟು ಮಾತಾಡಿ.

ಇನ್ನೊಂದು ಗುಟ್ಟು. ವಯಸ್ಸಿನಲ್ಲಿ ಚಿಕ್ಕವರು ಮೊದಲು ಮಾತಾಡಬೇಕು. ನಮ್ಮಲ್ಲಿ ಮಾಸ್ತರ್ರು ಒಂದು ಸಲ ಬಾಯಿ ಬಿಟ್ಟರೆ ಮುಗಿಯಿತು, ಆಮೇಲೆ ಎಲ್ಲರದ್ದೂ ಒಂದೇ ರಾಗ, "ಮಾಸ್ತರ್ರು ಹೇಳಿದ್ದೇ ನಂದೂ." ಮಾಸ್ತರ್ರದೇ ಕರಡಾದರೆ ಇನ್ನೂ ಕಷ್ಟ. ಅಂಥ ದಿನ ಎಲ್ಲರೂ ಮೊದಲು ಚೀಟಿಯಲ್ಲಿ ಬರೆದು, ಬರೆದದ್ದನ್ನೇ ಓದುವುದು. ಚೀಟಿಗೆ ನಾಚಿಕೆ ಕಮ್ಮಿ.

ಗುಟ್ಟು, ಕಳ್ಳತನ, ಹೆದರಿಕೆ

ಕರಡು ಕೂಟದಿಂದ ಹೊರಗೆ ಹೋಗಬಾರದು. ಇನ್ನೊಂದು ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಮಾಡುವುದು ದೊಡ್ಡ ಅಪರಾಧ, ಯಾಕೆಂದರೆ ಬಹಳಷ್ಟು ಪತ್ರಿಕೆಗಳು, ಕಥಾ ಸ್ಪರ್ಧೆಗಳು ಎಲ್ಲೂ ಪ್ರಕಟವಾಗದ ಬರಹವನ್ನೇ ಕೇಳುತ್ತವೆ. ಯಾರಾದರೂ ಕದ್ದರೆ ಅನ್ನುವ ಹೆದರಿಕೆ ಹೊಸಬರಿಗೆ ಇದ್ದೇ ಇರುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದು ಮುಗಿಸಿದ ಕೂಡಲೇ ಹಕ್ಕು ಬರೆದವರದ್ದೇ, ನೋಂದಣಿ ಕಡ್ಡಾಯವಲ್ಲ. ಆದರೆ ಆ ಹಕ್ಕು ಬರೆದ ಮಾತಿಗೆ, ಬರೀ ಐಡಿಯಾಕ್ಕೆ ಅಲ್ಲ. ಇಮೇಲಿನಲ್ಲಿ ಕಳಿಸಿದ್ದರೆ ತಾರೀಖು ಉಳಿಯುತ್ತದೆ, ಅಷ್ಟು ಸಾಕು.

ಅದಕ್ಕಿಂತ ದೊಡ್ಡ ಗುಟ್ಟು ಬೇರೆ ಇದೆ. ಕಥೆಯಲ್ಲಿ ಬರುವ ಚಿಕ್ಕಪ್ಪ ಯಾರು ಅಂತ ಕೂಟದ ಅರ್ಧ ಜನಕ್ಕೆ ಗೊತ್ತಿರುತ್ತದೆ. ಕೇಳಬೇಡಿ. ಕಥೆಯೊಳಗಿನ ಚಿಕ್ಕಪ್ಪನ ಬಗ್ಗೆ ಮಾತ್ರ ಮಾತು.

ಮನೆಗೆ ಹೋದ ಮೇಲೆ

ಆ ರಾತ್ರಿಯೇ ತಿದ್ದಲು ಕೂರಬೇಡಿ. ಮೂರು ದಿನ ನೋಟ್‌ಬುಕ್ಕು ಮುಚ್ಚಿಡಿ. ಆಮೇಲೆ ನೋಡಿ. ಒಬ್ಬರು ಎಡವಿದ್ದರೆ ಅದು ಅವರ ಕಾಲಿನ ದೋಷ ಇರಬಹುದು. ಮೂರು ಜನ ಒಂದೇ ಕಡೆ ಎಡವಿದ್ದರೆ ಅಲ್ಲಿ ಕಲ್ಲಿದೆ. ಮೂವರೂ ಹೇಳಿದ ಮದ್ದು ಬೇರೆ ಬೇರೆ ಇರಬಹುದು, ಮೂರೂ ತಪ್ಪಿರಬಹುದು, ಆದರೆ ಕಲ್ಲು ಇರುವುದು ನಿಜ. ಅದನ್ನು ತೆಗೆಯುವ ಬಗೆ ನೀವೇ ಹುಡುಕಬೇಕು. ಎಲ್ಲರ ಮಾತು ಕೇಳಿ ತಿದ್ದಿದ ಕಥೆ ಎಲ್ಲರ ಮನೆಯ ಉಪ್ಪು ಬಿದ್ದ ಸಾರಿನ ಹಾಗೆ ಆಗುತ್ತದೆ, ಬಾಯಿಗಿಡಲು ಆಗುವುದಿಲ್ಲ.

ಕೂಟ ಸೊರಗುವ ಲಕ್ಷಣಗಳೂ ಇವೆ. ತನ್ನ ಸರದಿಗೆ ಮಾತ್ರ ಬರುವವರು ಒಬ್ಬರು ಇರುತ್ತಾರೆ. ಎರಡು ತಿಂಗಳು ಓದದೆ ಬಂದರೆ ಸರದಿ ಹಿಂದಕ್ಕೆ, ಮುಖ ನೋಡದೆ ಜಾರಿ ಮಾಡಿ. ಒಬ್ಬರ ಕಥೆ ಪ್ರಕಟವಾದ ಕೂಡಲೇ ಅವರು ಉಳಿದವರಿಗೆ ಪಾಠ ಹೇಳಲು ಶುರು ಮಾಡಬಹುದು, ಗಡಿಯಾರ ಇದೆಯಲ್ಲ, ಮೇಜು ಕುಟ್ಟಿ. ಬೈಸಿಕೊಂಡು ಅಳುವವರು ಸಿಕ್ಕರೆ ಆ ದಿನ ಬಿಟ್ಟು, ಮರುದಿನ ಫೋನ್ ಮಾಡಿ. ಗುಂಪಿನಲ್ಲಿ ಸಮಾಧಾನ ಮೆಸೇಜು ಹಾಕಬೇಡಿ.

ಶುರು ಮಾಡಲು ಜಾಸ್ತಿ ಏನೂ ಬೇಡ. ನಿಮಗೆ ಗೊತ್ತಿರುವ ಬರೆಯುವವರು ಆರು ಜನಕ್ಕೆ, ಗುಂಪು ಮಾಡದೆ, ಒಬ್ಬೊಬ್ಬರಿಗೇ ಇದನ್ನು ಕಳಿಸಿ, ಊರು ದಿನ ನಿಮ್ಮದು ಹಾಕಿಕೊಳ್ಳಿ:

"ನಮಸ್ಕಾರ. ಬರೆಯುವವರು ಆರು ಜನ ತಿಂಗಳಿಗೊಮ್ಮೆ ಸೇರಿ ಒಬ್ಬರ ಕರಡು ಒಬ್ಬರು ಓದಿ ಹೇಳುವುದು ಅಂತ ಯೋಚನೆ ಇದೆ. ಭಾಷಣ ಇಲ್ಲ, ಹಾರ ಇಲ್ಲ, ಫೋಟೋ ಇಲ್ಲ. ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕುಮಟಾದಲ್ಲಿ. ಮೊದಲ ಕರಡು ನನ್ನದೇ, 1400 ಪದ, ಇದರ ಜೊತೆ ಕಳಿಸಿದ್ದೇನೆ. ಎಲ್ಲಿ ಓದುವುದು ನಿಲ್ಲಿಸಬೇಕು ಅನಿಸಿತೋ ಆ ಸಾಲಿನ ನಂಬರು ಗುರುತು ಮಾಡಿಕೊಂಡು ಬನ್ನಿ. ಅವಲಕ್ಕಿ ಇದೆ."